ಎಲ್ಲ ಋತುಗಳಿಗೂ ಒಂದೇ ಜಾಕೀಟೆ?

ಮೋಟಾರು ಸೈಕಲಿನ ಮೇಲೆ ದೂರ ಪ್ರವಾಸ ಮಾಡುವ ಹವ್ಯಾಸವು ನಗರಗಳ ಮೇರೆಯನ್ನು ದಾಟಿ ನಮ್ಮ ಹಳ್ಳಿಗಳಿಗೂ ಬಂದಿದೆ. ರಾಯಬಾಗ ತಾಲೂಕಿನ ಪಾಲಬಾವಿಯಂಥ ಊರಿನ ತರುಣನು ಕಬ್ಬಿನ ಹಣ ಕೈಸೇರಿದ ವರ್ಷ ಒಂದು ಬೈಕನ್ನು ಕೊಳ್ಳುತ್ತಾನೆ. ಅದರ ಬೆನ್ನಿಗೇ ‘ಸರ್ವಋತು ಪ್ರವಾಸದ ಜಾಕೀಟು’ ಎಂದು ಹೆಸರಿಟ್ಟು ಮಾರುವ ಉಡುಪಿನ ಮೇಲೂ ಅವನ ಮನಸ್ಸು ಹೋಗುತ್ತದೆ. ಬಿಸಿಲು, ಮಳೆ, ಚಳಿ ಮೂರನ್ನೂ ಇದೊಂದೇ ತಡೆಯಬಲ್ಲುದೆಂಬುದು ಮಾರುವವರ ಘೋಷಣೆ. ಈ ಘೋಷಣೆಯ ಸತ್ಯಾಸತ್ಯವನ್ನು ತಿಳಿಯಲು ವಿಶೇಷ ಪಾಂಡಿತ್ಯವೇನೂ ಬೇಡ. ಕಾಲೇಜಿನ ಮೊದಲ ವರ್ಷದ ಭೌತವಿಜ್ಞಾನವೇ ಸಾಕು. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ: ನಮ್ಮ ನಾಡಿನ ಹವೆಯಲ್ಲಿ ಎಲ್ಲ ಋತುಗಳಿಗೂ ಒಪ್ಪುವ ಒಂದೇ ಉಡುಪು ಇರಲಾರದು. ಕೊಳ್ಳತಕ್ಕದ್ದು ಬೇಸಗೆಯಲ್ಲಿಯೂ ಮೈಮೇಲೆ ಉಳಿಯಬಲ್ಲ, ಪೆಟ್ಟನ್ನು ತಾಳುವ, ಗಾಳಿಯಾಡುವ ಜಾಕೀಟು. ಮಳೆಗೂ ಚಳಿಗೂ ಬೇರೆ ಬೇರೆ ಪದರಗಳನ್ನು ಜೊತೆಗಿಟ್ಟುಕೊಳ್ಳಬೇಕು.

ಇಂಥ ಜಾಕೀಟಿನ ಮೊದಲ ಕೆಲಸ ಬಿದ್ದವನ ಮೈಯನ್ನು ಕಾಯುವುದು. ಹವೆಯನ್ನು ತಡೆಯುವುದು ಅನಂತರದ ಮಾತು. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಜನರು ಅಪಘಾತಗಳಲ್ಲಿ ಮಡಿದರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ಟಿಲ್ಲದೆ ಪ್ರಾಣ ಕಳೆದುಕೊಂಡವರು ಐವತ್ತು ಸಾವಿರ. ಆದುದರಿಂದ ಹಣವು ಮೊದಲು ಹೆಲ್ಮೆಟ್ಟಿಗೆ ಸಲ್ಲಬೇಕು. ‘ಅರೇಬಿಯದ ಲಾರೆನ್ಸ್’ ಎಂದು ಪ್ರಸಿದ್ಧನಾಗಿದ್ದ ಟಿ. ಇ. ಲಾರೆನ್ಸನು ೧೯೩೫ರಲ್ಲಿ ಮೋಟಾರು ಸೈಕಲಿನಿಂದ ಬಿದ್ದು ತಲೆಯ ಗಾಯದಿಂದ ಮೃತನಾದನು. ಅವನನ್ನು ನೋಡಿದ ವೈದ್ಯರಲ್ಲೊಬ್ಬನಾದ ಹ್ಯೂ ಕೇರ್ನ್ಸನು ಆಮೇಲೆ ಸವಾರರ ತಲೆಗಾಯಗಳನ್ನು ಅಭ್ಯಸಿಸಿ, ಹೆಲ್ಮೆಟ್ಟಿನ ಪ್ರಯೋಜನವನ್ನು ೧೯೪೧ರಲ್ಲಿ ಪ್ರಕಟಪಡಿಸಿದನು. ನಮ್ಮಲ್ಲಿ ೧೯೮೮ರ ಮೋಟಾರು ವಾಹನಗಳ ಕಾಯಿದೆಯು ಹೆಲ್ಮೆಟ್ಟನ್ನು ಸವಾರನಿಗೂ ಹಿಂದೆ ಕುಳಿತವರಿಗೂ ಕಡ್ಡಾಯ ಮಾಡಿದೆ, ಜಾಕೀಟನ್ನು ಮಾಡಿಲ್ಲ. ಹೀಗಾಗಿ ಜಾಕೀಟಿನ ಆಯ್ಕೆ ಸವಾರನ ವಿವೇಚನೆಗೆ ಬಿಟ್ಟ ವಿಷಯ.

ಈಗ ಬೀಳುವ ಕ್ರಿಯೆಯನ್ನು ವಿಚಾರಿಸೋಣ. ಗಂಟೆಗೆ ೬೦ ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು ೧೬.೭ ಮೀಟರ್. ೬೦ ಕಿಲೋಗ್ರಾಂ ತೂಕದ ಸವಾರನಲ್ಲಿ ಆಗ ಇರುವ ಚಲನಶಕ್ತಿ ಎಂಟು ಸಾವಿರ ಜೌಲುಗಳಿಗೂ ಹೆಚ್ಚು. ಬೈಕಿನಿಂದ ಕಳಚಿ ಡಾಮರಿನ ಮೇಲೆ ಬಿದ್ದ ದೇಹವು ಜಾರುತ್ತ ಹೋಗಿ ಘರ್ಷಣೆಯಿಂದಲೇ ನಿಲ್ಲಬೇಕು. ಘರ್ಷಣಾಂಕವನ್ನು ೦.೭ ಎಂದು ಇಟ್ಟುಕೊಂಡರೆ ನಿಲ್ಲಲು ಬೇಕಾಗುವ ದೂರ ಸುಮಾರು ೨೦ ಮೀಟರ್. ಕಾಲ ಸುಮಾರು ಎರಡೂವರೆ ಸೆಕೆಂಡು. ಆ ಶಕ್ತಿಯೆಲ್ಲವೂ ರಸ್ತೆಗೂ ಉಡುಪಿಗೂ ನಡುವೆ ಶಾಖವಾಗಿ, ಸವೆತವಾಗಿ ವ್ಯಯವಾಗುತ್ತದೆ. ಉಡುಪು ಹರಿದರೆ ರಸ್ತೆಗೂ ಚರ್ಮಕ್ಕೂ ನಡುವೆ. ತೆಳುವಾದ ಹತ್ತಿಯ ಅಂಗಿ ಇಲ್ಲಿ ಒಂದು ಸೆಕೆಂಡನ್ನೂ ತಾಳದು. ದಪ್ಪ ತೊಗಲು, ಒತ್ತಾಗಿ ನೇಯ್ದ ನೈಲಾನು, ಅರಾಮಿಡ್ ಎಳೆಗಳ ಬಟ್ಟೆ ಇವು ಹೆಚ್ಚು ಕಾಲ ತಾಳುತ್ತವೆ. ವೇಗ ಇಮ್ಮಡಿಯಾದರೆ ಜಾರುವ ದೂರ ನಾಲ್ಮಡಿಯಾಗುತ್ತದೆ ಎಂಬುದನ್ನೂ ವಿದ್ಯಾರ್ಥಿಗಳು ನೆನಪಿಡತಕ್ಕದ್ದು.

ಜಾರುವುದಕ್ಕೆ ಮೊದಲು ನೆಲಕ್ಕೆ ಅಪ್ಪಳಿಸುವ ಪೆಟ್ಟೊಂದಿದೆ. ಒಂದು ಮೀಟರ್ ಎತ್ತರದಿಂದ ಬೀಳುವ ೫ ಕಿಲೋಗ್ರಾಂ ವಸ್ತುವು ನೆಲ ಮುಟ್ಟುವಾಗ ಸುಮಾರು ೫೦ ಜೌಲ್ ಶಕ್ತಿಯನ್ನು ಪಡೆದಿರುತ್ತದೆ. ಅದು ೨ ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಬಲ ೨೫,೦೦೦ ನ್ಯೂಟನ್. ೧೦ ಮಿಲಿಮೀಟರಿನಲ್ಲಿ ನಿಂತರೆ ೫,೦೦೦ ನ್ಯೂಟನ್ ಮಾತ್ರ. ಭುಜ, ಮೊಣಕೈ, ಬೆನ್ನುಗಳ ಬಳಿಯ ಒಳಜೇಬುಗಳಲ್ಲಿ ಇಡುವ ಮೆತ್ತೆಗಳ ಗುಟ್ಟು ಇಷ್ಟೆ: ನಿಲ್ಲುವ ದೂರವನ್ನು ಹೆಚ್ಚಿಸಿ ಬಲವನ್ನು ತಗ್ಗಿಸುವುದು. ಇ.ಎನ್. ೧೬೨೧ ಎಂಬ ಐರೋಪ್ಯ ಮಾನಕದ ಪರೀಕ್ಷೆಯಲ್ಲಿ ಮೆತ್ತೆಯನ್ನು ಉಕ್ಕಿನ ಅಡಿಗಲ್ಲಿನ ಮೇಲಿಟ್ಟು ೫೦ ಜೌಲಿನ ಪೆಟ್ಟು ಕೊಡುತ್ತಾರೆ. ಭುಜ, ಮೊಣಕೈಗಳ ಮೆತ್ತೆಯನ್ನು ದಾಟಿ ಬರುವ ಬಲದ ಸರಾಸರಿಯು ಒಂದನೆಯ ಮಟ್ಟದಲ್ಲಿ ೩೫ ಕಿಲೋನ್ಯೂಟನ್ ಮೀರಕೂಡದು. ಎರಡನೆಯ ಮಟ್ಟದಲ್ಲಿ ೨೦. ಬೆನ್ನಿನ ಮೆತ್ತೆಗೆ ಈ ಮಿತಿಗಳು ೧೮ ಮತ್ತು ೯. ಇಲ್ಲಿ ಎರಡನೆಯ ಮಟ್ಟವೇ ಮೇಲು. ಕೆಲವು ಜಾಕೀಟುಗಳ ಬೆನ್ನಿನ ಜೇಬಿನಲ್ಲಿ ಬರಿಯ ಸ್ಪಂಜಿನ ತುಂಡನ್ನಿಟ್ಟು ಮಾರುವುದುಂಟು. ಕೊಳ್ಳುವವರು ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ಮಾನಕದ ಸಂಖ್ಯೆಯಿದೆಯೇ ಎಂದು ನೋಡಬೇಕು. ಬಟ್ಟೆ, ಹೊಲಿಗೆಗಳನ್ನು ಅಳೆಯಲು ೨೦೨೦ರಲ್ಲಿ ಇ.ಎನ್. ೧೭೦೯೨ ಎಂಬ ಮಾನಕ ಬಂದಿದೆ. ಅದರಲ್ಲಿ ಮೂರು ಎ ಗುರುತು ಎಲ್ಲಕ್ಕಿಂತ ಮೇಲು, ಎರಡು ಎ ಮಧ್ಯಮ, ಒಂದು ಎ ಅದಕ್ಕೂ ಕೆಳಗಿನದು.

ಇದೆಲ್ಲ ಲೆಕ್ಕದ ಮಾತಾಯಿತು, ನಿಜವಾದ ರಸ್ತೆಯಲ್ಲಿ ಏನು ಎಂದು ವಾಚಕರು ಕೇಳಬಹುದು. ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೊಳಗಾದ ೨೧೨ ಸವಾರರನ್ನು ಕುರಿತ ಒಂದು ಅಧ್ಯಯನ ೨೦೧೧ರಲ್ಲಿ ಪ್ರಕಟವಾಯಿತು. ಮೋಟಾರು ಸೈಕಲಿನ ಜಾಕೀಟು ತೊಟ್ಟವರು ಆಸ್ಪತ್ರೆಗೆ ಸೇರುವ ಸಂಭವ, ತೊಡದವರಿಗಿಂತ ನೂರಕ್ಕೆ ೨೧ರಷ್ಟು ಕಡಿಮೆಯಾಗಿತ್ತು. ಕೈಗವಸು ತೊಟ್ಟವರಿಗೆ ದೊರೆತ ಲಾಭ ಇನ್ನೂ ಹೆಚ್ಚು. ಆದರೆ ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ೩೦ ಜಾಕೀಟುಗಳು ಬಿದ್ದಾಗ ಹರಿದೋ ಹೊಲಿಗೆ ಬಿಚ್ಚಿಯೋ ಕೆಟ್ಟಿದ್ದುವು. ಜಾಕೀಟೆಂಬ ಹೆಸರೊಂದೇ ರಕ್ಷೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಋತುಗಳ ವಿಷಯಕ್ಕೆ ಬರೋಣ. ನಮ್ಮ ಭಾಗದಲ್ಲಿ ಕಠಿಣವಾದುದು ಬೇಸಗೆ. ಚರ್ಮದ ಉಷ್ಣತೆ ಸುಮಾರು ೩೪ ಡಿಗ್ರಿ ಸೆಲ್ಸಿಯಸ್. ಹವೆಯ ಉಷ್ಣತೆ ಅದಕ್ಕಿಂತ ಕಡಿಮೆಯಿರುವವರೆಗೆ ಗಾಳಿಯು ಮೈಯ ಶಾಖವನ್ನು ಒಯ್ಯುತ್ತದೆ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಅದು ಶಾಖವನ್ನು ತಂದುಕೊಡುತ್ತದೆ. ಆಗ ದೇಹಕ್ಕೆ ಉಳಿದ ದಾರಿ ಬೆವರಿನ ಆವಿಯೊಂದೇ. ಮಣ್ಣಿನ ಹರವಿಯ ನೀರು ತಂಪಾಗುವುದೂ ಹೀಗೆಯೇ. ಒಂದು ಗ್ರಾಂ ಬೆವರು ಆರಿದರೆ ಸುಮಾರು ೨,೪೦೦ ಜೌಲ್ ಶಾಖ ಹೋಗುತ್ತದೆ. ಸುಮ್ಮನೆ ಕುಳಿತ ದೇಹವು ಹುಟ್ಟಿಸುವ ನೂರು ವ್ಯಾಟ್ ಶಾಖವನ್ನು ಕಳೆಯಲು ಗಂಟೆಗೆ ೧೫೦ ಗ್ರಾಂ ಬೆವರು ಆರಬೇಕು. ಬಿಸಿಲಿನಿಂದ ಬರುವ ಶಾಖ ಇದರ ಮೇಲೆ. ಗಾಳಿ ಹೋಗದ ಜಾಕೀಟಿನೊಳಗೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಹರವಿಗೆ ಎಣ್ಣೆಬಣ್ಣ ಬಳಿದಂತೆ. ಆದುದರಿಂದ ಎದೆ, ಬೆನ್ನುಗಳಲ್ಲಿ ಜಾಲರಿಯ ಬಟ್ಟೆಯಿರುವ ಜಾಕೀಟು ನಮಗೆ ಹಿತ. ಜಾಲರಿಯು ಒತ್ತುಬಟ್ಟೆಯಷ್ಟು ಗಟ್ಟಿಯಲ್ಲ ಎಂಬ ಆಕ್ಷೇಪ ನಿಜವೇ. ಅದಕ್ಕಾಗಿ, ನೆಲಕ್ಕೆ ಮೊದಲು ತಾಗುವ ಭುಜ, ಮೊಣಕೈಗಳಲ್ಲಿ ಗಟ್ಟಿ ಬಟ್ಟೆಯನ್ನೇ ಹಾಕಿ, ಉಳಿದೆಡೆ ಮಾತ್ರ ಜಾಲರಿಯಿರುವುದನ್ನು ಆರಿಸಬೇಕು.

ಇನ್ನು ಮಳೆ. ನೀರನ್ನು ಒಳಗೆ ಬಿಡದೆ ಆವಿಯನ್ನು ಹೊರಗೆ ಬಿಡುವ ಸೂಕ್ಷ್ಮರಂಧ್ರಗಳ ಪೊರೆಯಿರುವ ಜಾಕೀಟುಗಳು ಬಂದಿವೆ. ಇಂಥ ಪೊರೆಗೆ ದಾರಿಮಾಡಿದವನು, ಟೆಫ್ಲಾನನ್ನು ಹಠಾತ್ತನೆ ಎಳೆದು ಹಿಗ್ಗಿಸುವ ವಿಧಾನವನ್ನು ೧೯೬೯ರಲ್ಲಿ ಕಂಡುಹಿಡಿದ ಅಮೆರಿಕದ ರಾಬರ್ಟ್ ಗೋರ್. ಇದು ಉತ್ತಮ ಶೋಧವೇ. ಆದರೆ ಆವಿಯನ್ನು ಹೊರಕ್ಕೆ ತಳ್ಳುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡಗಳ ವ್ಯತ್ಯಾಸ. ಒದ್ದೆಯಾದ ಚರ್ಮದ ಬಳಿ ೩೪ ಡಿಗ್ರಿಯಲ್ಲಿ ಆವಿಯ ಒತ್ತಡ ಸುಮಾರು ೪೦ ಮಿಲಿಮೀಟರ್ ಪಾದರಸ. ಶೀತದೇಶದ ೧೦ ಡಿಗ್ರಿಯ ಮಳೆಯಲ್ಲಿ ಹೊರಗಿನ ಒತ್ತಡ ಹೆಚ್ಚೆಂದರೆ ೯, ವ್ಯತ್ಯಾಸ ೩೧. ನಮ್ಮ ಮಳೆಗಾಲದ ೨೭ ಡಿಗ್ರಿಯ ತೇವದ ಹವೆಯಲ್ಲಿ ಹೊರಗಿನದು ೨೫ಕ್ಕೂ ಹೆಚ್ಚು. ವ್ಯತ್ಯಾಸ ೧೫ ಕೂಡ ಇಲ್ಲ. ಅಂದರೆ ಅಲ್ಲಿ ಚೆನ್ನಾಗಿ ನಡೆಯುವ ಪೊರೆಯು ಇಲ್ಲಿ ಅರ್ಧದಷ್ಟೂ ಕೆಲಸ ಮಾಡಲಾರದು. ಹಿಮಾಲಯದ ಚಳಿಯಲ್ಲಿ ತಿರುಗುವವನಿಗೆ ಅದು ತಕ್ಕುದಿರಬಹುದು. ನಮಗೆ ಅದಕ್ಕಾಗಿ ದುಪ್ಪಟ್ಟು ಹಣ ತೆರುವ ಕಾರಣವಿಲ್ಲ.

ಪಾಲಬಾವಿಯಿಂದ ಹೊರಟು ಚಿಕ್ಕೋಡಿ, ಸಂಕೇಶ್ವರ, ಗಡಹಿಂಗ್ಲಜ, ಆಜರಾಗಳನ್ನು ದಾಟಿ ಅಂಬೋಲಿ ಘಟ್ಟಕ್ಕೆ ಹೋಗುವುದು ಒಂದು ಹಗಲಿನ ಸವಾರಿ. ರಾಯಬಾಗದ ಕಡೆ ವರ್ಷಕ್ಕೆ ಅರ್ಧ ಮೀಟರಿನ ಆಸುಪಾಸು ಮಳೆ; ಅಂಬೋಲಿಯಲ್ಲಿ ಅದು ಏಳು ಮೀಟರಿನ ಸಮೀಪ. ಒಣಬಿಸಿಲಿನಲ್ಲಿ ಹೊರಟವನು ಮಧ್ಯಾಹ್ನದೊಳಗೆ ಜಡಿಮಳೆಯಲ್ಲಿರುತ್ತಾನೆ. ಜಲನಿರೋಧಕ ಪದರವನ್ನು ಒಳಗೆ ಗುಂಡಿಹಾಕಿ ಸೇರಿಸುವ ಜಾಕೀಟಾದರೆ, ಅವನು ರಸ್ತೆಯ ಪಕ್ಕದಲ್ಲಿ ಜಾಕೀಟನ್ನು ಕಳಚಬೇಕು. ಹೊರಬಟ್ಟೆಯೂ ನೀರು ಹೀರಿ ಭಾರವಾಗಿ, ಗಾಳಿಗೆ ಆರುತ್ತ ಮೈಯನ್ನು ಕೊರೆಯುತ್ತದೆ. ಜಾಕೀಟಿನ ಮೇಲೆಯೇ ತೊಡುವ ಸಡಿಲವಾದ ಮಳೆಅಂಗಿಯಾದರೆ ಎರಡು ನಿಮಿಷದ ಕೆಲಸ; ಒಳಗಿನದೆಲ್ಲ ಒಣಗಿರುತ್ತದೆ. ಘಟ್ಟವಿಳಿದ ಮೇಲೆ ಮಡಿಸಿ ಚೀಲಕ್ಕೆ ಹಾಕಬಹುದು.

ಚಳಿಗೂ ಇದೇ ನ್ಯಾಯ. ೧೦ ಡಿಗ್ರಿಯ ಹವೆಯಲ್ಲಿ ಗಂಟೆಗೆ ೬೦ ಕಿಲೋಮೀಟರ್ ಗಾಳಿ ಬೀಸಿದರೆ ಬರಿಮೈಗೆ ಅದು ೫ ಡಿಗ್ರಿಯಂತೆ ತೋರುತ್ತದೆಂದು ಹವಾಶಾಸ್ತ್ರಜ್ಞರ ಸೂತ್ರ ಹೇಳುತ್ತದೆ. ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ. ಅದರೊಳಗೆ ಅಲುಗಾಡದೆ ನಿಂತ ಗಾಳಿ. ಒಳಗೊಂದು ಉಣ್ಣೆಯ ಅಂಗಿ, ಹೊರಗೆ ಅದೇ ಮಳೆಅಂಗಿ ಇದ್ದರೆ ಜಾಲರಿಯ ಜಾಕೀಟೇ ಚಳಿಗಾಲಕ್ಕೂ ಆಗುತ್ತದೆ. ಉಣ್ಣೆಯು ಗಾಳಿಯನ್ನು ಹಿಡಿಯುತ್ತದೆ, ಮಳೆಅಂಗಿಯು ಹೊರಗಿನ ಗಾಳಿಯನ್ನು ತಡೆಯುತ್ತದೆ.

ಇದು ಹೊಸ ತತ್ತ್ವವೇನಲ್ಲ. ಮಲೆನಾಡಿನ ರೈತನು ಮಳೆಯಲ್ಲಿ ನಾಟಿಗೆ ಬಾಗುವಾಗ ಬೆನ್ನ ಮೇಲೆ ಗೊರಬನ್ನು ಹಾಕುತ್ತಿದ್ದನು. ಅದು ನೀರನ್ನು ಜಾರಿಸಿ, ಕೆಳಗಿನಿಂದ ಗಾಳಿಯನ್ನು ಬಿಡುತ್ತಿತ್ತು. ಬಯಲುಸೀಮೆಯ ಕುರುಬನು ಕಂಬಳಿಯನ್ನು ಚಳಿಗೆ ಹೊದ್ದು, ಮಳೆಗೆ ಕೊಪ್ಪೆ ಮಾಡಿ, ಬಿಸಿಲಿಗೆ ಹೆಗಲ ಮೇಲೆ ಹಾಕಿಕೊಂಡನು. ಹವೆಗೆ ತಕ್ಕಂತೆ ತೊಡುವ, ತೆಗೆಯುವ ಉಡುಪೇ ಅವರಿಗೆ ಸರ್ವಋತುವಿನ ಉಡುಪಾಗಿತ್ತು.

ಬಣ್ಣದ ಮಾತನ್ನೂ ಹೇಳಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಕಪ್ಪು. ನೆತ್ತಿಯ ಬಿಸಿಲು ಚದರ ಮೀಟರಿಗೆ ಸಾವಿರ ವ್ಯಾಟಿನಷ್ಟು ಶಾಖ ಸುರಿಸುವ ನಾಡಿನಲ್ಲಿ, ಅದರ ಬಹುಪಾಲನ್ನು ಹೀರುವ ಬಣ್ಣವನ್ನು ಹಣ ಕೊಟ್ಟು ತರುವುದು ವಿಚಿತ್ರ. ರಾತ್ರಿಯ ವೇಳೆ ಕಪ್ಪು ಜಾಕೀಟಿನವನು ಕಾಣುವುದೇ ಇಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು. ಇವುಗಳನ್ನು ಹಿಂದಿಕ್ಕುವ ಲಾರಿಯವನ ಕಣ್ಣಿಗೆ ಸವಾರನು ಬೀಳಬೇಕಾದುದು ಅತ್ಯಗತ್ಯ. ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪಟ್ಟಿಗಳು ತೋಳಿನಲ್ಲಿಯೂ ಬೆನ್ನಿನಲ್ಲಿಯೂ ಇರಬೇಕು. ಮಳೆಅಂಗಿಯ ಮೇಲೂ ಇರಬೇಕು, ಏಕೆಂದರೆ ಮಳೆಯಲ್ಲಿ ಹೊರಗೆ ಕಾಣುವುದು ಅದೇ.

ಕೊನೆಯದಾಗಿ ಅಳತೆ. ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಬೈಕಿನ ಮೇಲೆ ಕುಳಿತು, ಕೈ ಚಾಚಿ ಹಿಡಿಯನ್ನು ಹಿಡಿದು ನೋಡಬೇಕು. ಆಗ ಮೊಣಕೈಯ ಮೆತ್ತೆ ಮೊಣಕೈಯ ಮೇಲೆಯೇ ಇರಬೇಕು. ಸಡಿಲವಾದ ತೋಳು ಬಿದ್ದಾಗ ತಿರುಗಿಹೋಗುತ್ತದೆ. ಎರಡನೆಯ ಮಟ್ಟದ ಮೆತ್ತೆಯೂ ಆಗ ನಿಷ್ಪ್ರಯೋಜಕ.

ಜಾಕೀಟು ದೂರ ಪ್ರವಾಸದ ಉಡುಪೆಂಬ ಭಾವನೆಯನ್ನು ನಮ್ಮ ತರುಣರು ಬಿಡಬೇಕೆಂದು ನಾವು ವಿಶೇಷವಾಗಿ ಹೇಳಬಯಸುತ್ತೇವೆ. ಗೋವೆಗೆ ಹೋಗುವ ದಿನ ತೊಟ್ಟು, ರಾಯಬಾಗದ ಕಾಲೇಜಿಗೆ ಹೋಗುವ ದಿನ ಗೂಟಕ್ಕೆ ನೇತುಹಾಕಿದರೆ ಏನು ಬಂತು? ವರ್ಷದಲ್ಲಿ ಒಂದೆರಡು ಸಲದ ಪ್ರವಾಸಕ್ಕಿಂತ ದಿನದಿನದ ರಸ್ತೆಯಲ್ಲಿಯೇ ನಾವು ಹೆಚ್ಚು ಹೊತ್ತು ಕಳೆಯುತ್ತೇವೆ. ಘರ್ಷಣೆಯ ನಿಯಮ ಎರಡೂ ಕಡೆ ಒಂದೇ. ಸೆಕೆಯೆಂದು ಕಳಚಿಡುವ ಬೆಲೆಬಾಳುವ ಜಾಕೀಟಿಗಿಂತ, ಮೇ ತಿಂಗಳಲ್ಲಿಯೂ ಮೈಮೇಲಿರುವ ಸಾಧಾರಣ ಬೆಲೆಯ ಜಾಕೀಟು ಮೇಲು. ಮೊದಲು ಹೆಲ್ಮೆಟ್ಟು, ಆಮೇಲೆ ಕೈಗವಸು, ಆಮೇಲೆ ಒಳ್ಳೆಯ ಮೆತ್ತೆಗಳುಳ್ಳ ಗಾಳಿಯಾಡುವ ಜಾಕೀಟು, ಉಳಿದ ಹಣದಲ್ಲಿ ಮಳೆಅಂಗಿ: ಈ ಕ್ರಮದಲ್ಲಿ ಖರ್ಚು ಮಾಡಿದ ವಿದ್ಯಾರ್ಥಿಯು ತಂದೆಯ ಬೆವರಿನ ಹಣವನ್ನೂ ತನ್ನ ಮೈಯನ್ನೂ ಉಳಿಸಿಕೊಂಡಾನು.