ಬೆಲೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಇನ್ನೂ ದೂರವಿರುವಾಗಲೇ ವಿದೇಶ ಪ್ರವಾಸದ ಜಾಹೀರಾತುಗಳು ಶುರುವಾಗುತ್ತವೆ. ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲೂ ಬರುತ್ತವೆ. ಸಿಂಗಪುರ–ಮಲೇಷ್ಯಾ ಇಷ್ಟು, ದುಬೈ ಇಷ್ಟು, ಯುರೋಪ್ ಇಷ್ಟು ಎಂದು ಅಚ್ಚ ಕನ್ನಡದಲ್ಲಿ, ಹೆಬ್ಬೆರಳು ಗಾತ್ರದ ಅಂಕಿಗಳಲ್ಲಿ ಬೆಲೆ. ಅಂಕಿಯ ನೆತ್ತಿಯ ಮೇಲೊಂದು ಚಿಕ್ಕ ನಕ್ಷತ್ರ. ಅದರ ಅರ್ಥ ಹುಡುಕುತ್ತಾ ಹೋದರೆ ಪುಟದ ಬುಡದಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಎರಡು ಸಾಲು. ನನ್ನ ತಕರಾರು ಆ ಎರಡು ಸಾಲಿನ ಬಗ್ಗೆ.

ಹೀಗೆ ಮಾಡಬಾರದೆಂದು ನಿಯಮ ಬಂದು ವರ್ಷಗಳಾದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅದೇ ಫಾಂಟ್‌ನಲ್ಲಿರಬೇಕು, ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಗ್ರಾಹಕ ತಿಳಿದಿರಲೇಬೇಕಾದ ಸಂಗತಿಯನ್ನು ಷರತ್ತಿನ ಮರೆಯಲ್ಲಿ ಬಚ್ಚಿಡುವಂತಿಲ್ಲ. ಈ ನಿಯಮವನ್ನು ಕೈಯಲ್ಲಿ ಹಿಡಿದು ತಾವೇ ಒಂದು ಭಾನುವಾರದ ಸಂಚಿಕೆ ತಿರುವಿ ಹಾಕಿ.

ನಮ್ಮ ಮನೆಯವರೂ ಹೊಳಲ್ಕೆರೆಯ ಬೀಗರೂ ಸೇರಿ ಯುರೋಪಿಗೆ ಹೋಗಿ ಬಂದೆವು. ಕಂಪನಿಯ ಹೆಸರು ಬೇಡ. ಒಬ್ಬರನ್ನು ಹೆಸರಿಸಿದರೆ ಉಳಿದವರೆಲ್ಲ ಸಾಚಾ ಎಂದಾಗುತ್ತದೆ. ಜಾಹೀರಾತಿನ ಬೆಲೆಯಲ್ಲಿ ಜಿಎಸ್‌ಟಿ ಇರಲಿಲ್ಲ. ವೀಸಾ ಶುಲ್ಕ ಇರಲಿಲ್ಲ. ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ ತಲಾ 90 ಯೂರೊ. ವೀಸಾ ನಿರಾಕರಿಸಿದರೂ ಅದು ವಾಪಸಿಲ್ಲ. ಬೆರಳಚ್ಚು ಕೊಡಲು ಮನೆಮಂದಿಯೆಲ್ಲ ಬೆಂಗಳೂರಿಗೆ ಓಡಾಡಿದ ಖರ್ಚು ನಮ್ಮದೇ. ಟಿಪ್ಸ್ ಎಂಬುದು ಕೊಡುವವರ ಇಷ್ಟ ಅಂದುಕೊಂಡಿದ್ದೆವು. ದಿನಕ್ಕೆ ತಲೆಗಿಷ್ಟು ಯೂರೊ ಎಂದು ಲೆಕ್ಕ ಹಾಕಿ ಮುಂಚೆಯೇ ಕಟ್ಟಿಸಿಕೊಂಡರು. ಮೂವರ ರೂಮಿನಲ್ಲಿ ಮೂರನೆಯವರಿಗೆ ಮಡಚುವ ಮಂಚ.

ಇನ್ನು ನೋಡುವ ಜಾಗಗಳು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಪಟ್ಟಿಯಲ್ಲಿತ್ತು. ಅಲ್ಲಿ ಗಾಜಿನ ಪಿರಮಿಡ್ಡಿನ ಮುಂದೆ ನಿಲ್ಲಿಸಿ ಫೋಟೊ ಹೊಡೆಸಿ, ಮತ್ತೆ ಬಸ್ ಹತ್ತಿಸಿದರು. ಒಳಗೆ ಹೋಗುವುದಿಲ್ಲವೇ ಎಂದರೆ, ‘ಅದು ಫೋಟೊ ಸ್ಟಾಪ್ ಸರ್, ಕರಾರಿನಲ್ಲಿದೆ’ ಎಂಬ ಉತ್ತರ. ಸ್ವಿಟ್ಜರ್ಲೆಂಡಿನಲ್ಲಿ 3,454 ಮೀಟರ್ ಎತ್ತರದ ಯೂಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣದ ಚಿತ್ರ ಜಾಹೀರಾತಿನಲ್ಲೇ ರಾರಾಜಿಸುತ್ತಿತ್ತು. ಅದು ‘ಆಪ್ಷನಲ್’, ಬೇರೆ ದುಡ್ಡು. ಅಷ್ಟು ದೂರ ಹೋದ ಮೇಲೆ ಮೊಮ್ಮಕ್ಕಳನ್ನು ಹಿಮ ತೋರಿಸದೆ ವಾಪಸ್ ಕರೆತರುವ ಅಜ್ಜ ಯಾರಿದ್ದಾನೆ? ಕೊಟ್ಟೆವು. ನಮ್ಮ ಜೊತೆ ಬಂದಿದ್ದ ಟೂರ್ ಮ್ಯಾನೇಜರ್ ಹುಡುಗ ಒಳ್ಳೆಯವನು, ನನ್ನ ಹೆಂಡತಿಯ ಮಂಡಿನೋವು ನೋಡಿ ದಿನಾ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ. ತಪ್ಪು ಅವನದಲ್ಲ.

ಭೀಮಸಮುದ್ರದ ಮಂಡಿಯಲ್ಲಿ ಅಡಿಕೆ ಮಾರಿದ ರೈತನ ಕೈಗೆ ಒಂದು ಪಟ್ಟಿ ಬರುತ್ತದೆ. ತೂಕ, ದರ, ಹಮಾಲಿ, ಕಡಿತ ಎಲ್ಲ ಅದರಲ್ಲಿರುತ್ತದೆ. ಜಗಳ ಮಾಡುವುದಿದ್ದರೆ ಅದನ್ನು ಹಿಡಿದು ಮಾಡಬಹುದು. ಅದೇ ಅಡಿಕೆ ದುಡ್ಡನ್ನು ಪ್ರವಾಸಕ್ಕೆ ಕಟ್ಟುವಾಗ ಅಂಥದ್ದೊಂದು ಪಟ್ಟಿ ಏಕಿಲ್ಲ?

ಈ ಅಡಿಕೆ ದುಡ್ಡಿನದೇ ಇನ್ನೊಂದು ಕತೆಯಿದೆ. 2020ರ ಅಕ್ಟೋಬರ್‌ನಿಂದ ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನು ಕಂಪನಿಗಳೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತವೆ. ದರ ಆಗಾಗ ಬದಲಾಗುತ್ತಿರುತ್ತದೆ. ನಮ್ಮಿಂದ ಹಿಡಿದದ್ದು ನೂರಕ್ಕೆ ಐದು. ಇದು ಹೋದ ದುಡ್ಡಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಕೊಡಬೇಕಾದ ತೆರಿಗೆಗೆ ಜಮೆಯಾಗುತ್ತದೆ, ತೆರಿಗೆಯೇ ಇಲ್ಲದವರಿಗೆ ವಾಪಸ್ ಬರುತ್ತದೆ. ಆದರೆ ತೋಟದ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ನಮ್ಮ ಕಡೆಯ ಎಷ್ಟೋ ರೈತರು ಈವರೆಗೆ ರಿಟರ್ನ್ ಎಂಬುದನ್ನೇ ಸಲ್ಲಿಸಿಲ್ಲ. ನಮ್ಮ ಬೀಗರೂ ಅವರಲ್ಲೊಬ್ಬರು. ವಾಪಸ್ ಪಡೆಯಬಹುದೆಂದು ಬುಕಿಂಗ್ ಮಾಡಿಸಿದವರು ಬಾಯಿಬಿಟ್ಟು ಹೇಳಲಿಲ್ಲ. ಬ್ಯಾಂಕಿನಲ್ಲಿರುವ ನನ್ನ ಮಗ ಹೇಳಿದ ಮೇಲೆ ತಿಳಿಯಿತು.

‘ಸಹಿ ಮಾಡುವ ಮುಂಚೆ ಓದಬೇಕಿತ್ತು’ ಎನ್ನುವವರಿದ್ದಾರೆ. ಓದಲಿ ಎಂದು ಕೊಟ್ಟದ್ದು ಹತ್ತಾರು ಪುಟದ ಇಂಗ್ಲಿಷ್. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆಯೇ ಆಯಿತು. ಹೊಸದುರ್ಗದ, ಹಿರಿಯೂರಿನ ಬುಕಿಂಗ್ ಅಂಗಡಿಗಳ ಬೋರ್ಡುಗಳೂ ಕನ್ನಡವಾದವು. ಬೋರ್ಡಿನ ಕೆಳಗೆ ಕೂತು ಸಹಿ ಹಾಕುವ ಕಾಗದದಲ್ಲಿ ಮಾತ್ರ ಒಂದಕ್ಷರ ಕನ್ನಡವಿಲ್ಲ. ಮೇಲಾಗಿ ಬುಕಿಂಗ್ ಮಾಡುವವರು ನಮಗೆ ಗುರುತಿನವರೇ ಆಗಿರುತ್ತಾರೆ. ಅವರೆದುರು ಕನ್ನಡಕ ತೆಗೆದು ಪುಟ ಪುಟ ಓದುತ್ತಾ ಕೂತರೆ ಅನುಮಾನ ಪಟ್ಟಂತಾಗುತ್ತದೆ ಎಂಬ ಸಂಕೋಚ ಬೇರೆ.

‘ಬರದ ಜಿಲ್ಲೆಯವರಿಗೆ ಯುರೋಪ್ ಯಾಕೆ, ಕೋಟೆ ನೋಡಿಕೊಂಡು ಇರಬಾರದೇ’ ಎಂಬ ಮಾತನ್ನೂ ಕೇಳಿದ್ದೇನೆ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ಕಾಲ ಕಾದು ತೋಟ ಉಳಿಸಿಕೊಂಡವರು ಒಂದು ಸಲ ಮಕ್ಕಳೊಂದಿಗೆ ವಿಮಾನ ಹತ್ತಿದರೆ ಯಾರ ಗಂಟು ಹೋಗುತ್ತದೆ?

ಕರಾರಿನ ಕೊನೆಯಲ್ಲಿ ‘ವ್ಯಾಜ್ಯವೇನಿದ್ದರೂ ಮುಂಬೈ ನ್ಯಾಯಾಲಯದ ವ್ಯಾಪ್ತಿಗೆ’ ಎಂಬ ಸಾಲೊಂದು ಇರುತ್ತದೆ. ಅದನ್ನು ಓದಿಯೇ ಅರ್ಧ ಜನ ಕೈಬಿಡುತ್ತಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದೂರುದಾರ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಮಗದು ಚಿತ್ರದುರ್ಗದಲ್ಲೇ ಇದೆ. ಕಟ್ಟಿದ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೇ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ.

ಆದರೆ ಹೋಗಿ ಬಂದು, ಕಳೆದುಕೊಂಡು, ಆಮೇಲೆ ಆಯೋಗದ ಮೆಟ್ಟಿಲು ಹತ್ತುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಜಾಹೀರಾತಿನ ಹಂತದಲ್ಲೇ ತಡೆಯಬೇಕು. ಅದೇ ಕಾಯ್ದೆಯ 16 ಮತ್ತು 17ನೇ ಕಲಮಿನಂತೆ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು, ಅವರು ವಿಚಾರಣೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹಾಗಾಗಿ ಈ ಪತ್ರದ ಒಂದು ಪ್ರತಿಯನ್ನು, ಕತ್ತರಿಸಿಟ್ಟ ಜಾಹೀರಾತುಗಳ ಸಮೇತ, ನಮ್ಮ ಜಿಲ್ಲಾಧಿಕಾರಿಯವರಿಗೂ ಕಳಿಸುತ್ತಿದ್ದೇನೆ.

ಇನ್ನುಳಿದದ್ದು ತಮಗೆ ಸಂಬಂಧಿಸಿದ್ದು. ವ್ಯವಹಾರದ ಸಹಜ ಕ್ರಮದಲ್ಲಿ ಜಾಹೀರಾತು ಅಚ್ಚು ಹಾಕಿದ ಪತ್ರಿಕೆಗೆ ಕಾನೂನು ರಿಯಾಯಿತಿ ಕೊಡುತ್ತದೆ ಎಂಬುದು ನನಗೂ ಗೊತ್ತು. ಓದುಗರು ಆ ರಿಯಾಯಿತಿ ಕೊಡಬೇಕೆಂದಿಲ್ಲ. ನಾವು ಆ ಬೆಲೆಯನ್ನು ನಂಬಿದ್ದು ತಮ್ಮ ಪುಟದಲ್ಲಿ ಕಂಡದ್ದರಿಂದ. ತೆರಿಗೆ, ವೀಸಾ, ಟಿಪ್ಸ್ ಸೇರಿದ ಒಟ್ಟು ಮೊತ್ತ ಬರೆಯದ, ಷರತ್ತನ್ನು ಕನ್ನಡದಲ್ಲಿ ಓದುವಂತೆ ಅಚ್ಚು ಹಾಕಿಸಲು ಒಪ್ಪದ ಪ್ರವಾಸ ಜಾಹೀರಾತುಗಳನ್ನು ಮುಂದಿನ ಬೇಸಿಗೆಯಿಂದ ದಯವಿಟ್ಟು ತಿರಸ್ಕರಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಹೊಸದುರ್ಗ