ನೆರವಿನ ಅನುದಾನ ಕಡಿಯಬೇಡಿ



ಅಮೆರಿಕದ ಕಮ್ಯುನಿಟಿ ಕಾಲೇಜುಗಳಿಗೆ ಬರುವವರಲ್ಲಿ ಹಗಲು ದುಡಿದು ಸಂಜೆ ಓದುವವರು, ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಬಹಳ. ಇಂಥವರಿಗೆ ಪಾಠ ಹೇಳಿಕೊಡಲು, ಧನಸಹಾಯದ ಅರ್ಜಿ ತುಂಬಿಸಲು, ಆಮೇಲೆ ವಿಶ್ವವಿದ್ಯಾಲಯಕ್ಕೆ ದಾಟಿಸಲು ಅಮೆರಿಕದ ಕೇಂದ್ರ ಸರ್ಕಾರದ ‘ಟ್ರಯೋ’ ಎಂಬ ಕಾರ್ಯಕ್ರಮಗಳ ಅಡಿಯಲ್ಲಿ 1968ರಿಂದ ವಿದ್ಯಾರ್ಥಿ ನೆರವು ಯೋಜನೆಯಿದೆ. ಅನುದಾನ ಐದು ವರ್ಷಕ್ಕೊಮ್ಮೆ, ಅದೂ ಪೈಪೋಟಿಯಲ್ಲಿ ಗೆದ್ದ ಕಾಲೇಜಿಗೆ. ಅದು ನಿಂತರೆ ಸಲಹೆಗಾರರ ಕೆಲಸ ಹೋಗುತ್ತದೆ, ವಿದ್ಯಾರ್ಥಿಯ ಓದು ನಡುನೀರಿನಲ್ಲಿ. ಟ್ರಂಪ್ ಸರ್ಕಾರ 2026ರ ಬಜೆಟ್ ಪ್ರಸ್ತಾವದಲ್ಲಿ ಟ್ರಯೋವನ್ನೇ ಕೈಬಿಡಲು ಹೊರಟಿತು. ಇದನ್ನು ಉಳಿತಾಯ ಎನ್ನುವುದು ತಮಾಷೆಯೇ ಸರಿ. (ಅರ್ಧಕ್ಕೆ ಬಿಟ್ಟ ಓದಿಗೆ ಸುರಿದ ಹಣದ ಲೆಕ್ಕ ಯಾರಿಡುತ್ತಾರೆ?) ಅಮೆರಿಕದಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರು ತಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ಈ ಬಗ್ಗೆ ಒಂದು ಪತ್ರವನ್ನಾದರೂ ಬರೆಯಲಿ.

–ಒಬ್ಬ ಓದುಗ, ಕ್ಯಾಲಿಫೋರ್ನಿಯಾ