ಗ್ಯಾರೇಜಿನ ವಿದ್ಯೆಗೂ ಗೊಟಗೋಡಿಯಲ್ಲಿ ಜಾಗ ಸಿಗಲಿ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಅದೇ ಊರಿನಲ್ಲಿ ಹಳ್ಳಿಯ ಕಸುಬುಗಳಿಗೆ ಶಿಲ್ಪರೂಪ ಕೊಟ್ಟಿದೆ. ಇವೆರಡೂ ಇರುವುದು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ. ಕಮ್ಮಾರ, ಬಡಿಗರ ಕಸುಬನ್ನು ಜಾನಪದವೆಂದು ಗೌರವಿಸುವ ನಾವು ಹೆದ್ದಾರಿ ಬದಿಯ ಮೆಕ್ಯಾನಿಕ್ಕಿನ ತಿಳಿವಳಿಕೆಯನ್ನು ಬರೀ ರಿಪೇರಿ ಎಂದು ಬದಿಗಿಡುತ್ತೇವೆ. ಅದನ್ನೂ ದಾಖಲಿಸಬೇಕು, ದಾಖಲಿಸಿ ಪರೀಕ್ಷೆಗೂ ಒಡ್ಡಬೇಕು.

ಈ ತಿಳಿವಳಿಕೆಯ ಬೆಲೆ ಗೊತ್ತಾಗುವುದು ಮನೆಯಂಗಳದಲ್ಲಿ ಕಟ್ಟಿದ ಕಾರು ಕಾಯ್ದಾಗ. ಎಂಜಿನ್ ಒಂದು ಗಾಡಿಯದು, ರೇಡಿಯೇಟರ್ ಇನ್ನೊಂದರದು, ಪೈಪು ಗುಜರಿಯದು. ನೋಡಿಕೊಳ್ಳಲು ಕಂಪನಿಯ ಕೈಪಿಡಿ ಇಲ್ಲ. ಅನುಭವ ಇಲ್ಲದವರು ನೇರ ವಾಟರ್ ಪಂಪು ಬದಲಿಸುತ್ತಾರೆ. ಬಲ್ಲವರು ಎಂಜಿನ್ ತಣ್ಣಗಾಗಲೆಂದು ಕಾದು, ಪಂಪಿನ ಅಡಿಯ ಸಣ್ಣ ತೂತು ನೋಡುತ್ತಾರೆ. ಅಲ್ಲಿ ಹನಿ ಕಂಡರೆ ಒಳಗಿನ ಸೀಲು ಹೋಗಿದೆ; ಪುಲ್ಲಿ ಅಲ್ಲಾಡಿದರೆ ಬೇರಿಂಗ್ ಸವೆದಿದೆ. ಹೊರಗೆಲ್ಲೂ ತೇವವಿಲ್ಲದೆ ನೀರು ಇಳಿಯುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ರೇಡಿಯೇಟರ್ ಮುಚ್ಚಳವೂ ಕಡೆಗಣಿಸುವ ಬಿಡಿಭಾಗವಲ್ಲ. ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ನಿಂತರೆ ನೀರು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲವಾದ ಮುಚ್ಚಳ ಬೇಗ ಕುದಿಸಿ ನೀರನ್ನು ಹೊರದಬ್ಬುತ್ತದೆ, ನೋಡುವವರಿಗೆ ಅದು ಸೋರಿಕೆಯಂತೆ ಕಾಣುತ್ತದೆ. ಎಲ್ಲ ಸರಿಯಿದ್ದೂ ಕಾಯುವ ಗಾಡಿಯಲ್ಲಿ ಗಾಳಿ ಸಿಲುಕಿರಬಹುದು. ರೇಡಿಯೇಟರ್ ಎಂಜಿನ್ನಿಗಿಂತ ತಗ್ಗಿನಲ್ಲಿ ಕೂತರೆ ಗಾಳಿ ಎತ್ತರದ ಪೈಪಿನಲ್ಲಿ ಉಳಿಯುತ್ತದೆ. ನೀರು ತಳ್ಳುವ ಪಂಪಿಗೆ ಗಾಳಿ ತಳ್ಳುವ ಶಕ್ತಿಯಿಲ್ಲ. ಎಷ್ಟು ಹೊಸ ಪಂಪು ಹಾಕಿದರೂ ದುಡ್ಡು ಹೋಗುತ್ತದೆಯೇ ಹೊರತು ಕಾವು ಇಳಿಯದು. ತುಂಬುವ ಟ್ಯಾಂಕನ್ನು ಎಲ್ಲಕ್ಕಿಂತ ಮೇಲಿಟ್ಟು ಗಾಳಿ ಬಿಡಿಸುವುದೇ ಪರಿಹಾರ.

ಎಂಜಿನ್ ಹೊರಗಿನಿಂದ ಬಂದದ್ದು, ಅದರ ವಿದ್ಯೆ ಪುಸ್ತಕದಲ್ಲಿದೆ, ಇದರಲ್ಲಿ ಜಾನಪದವೆಲ್ಲಿ ಎಂದು ಕೇಳಬಹುದು. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಭಜನೆ, ಬಯಲಾಟಗಳಲ್ಲಿ ಇಂದು ಅದನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಪಂಪು ತಿರುಗುವ ನಿಯಮ ಪುಸ್ತಕದಲ್ಲಿದೆ, ನಿಜ. ಸದ್ದು ಕೇಳಿ ಬೇರಿಂಗ್ ಗುರುತಿಸುವುದು, ಯಾವುದನ್ನು ಮೊದಲು ಬಿಚ್ಚಬಾರದೆಂಬ ವಿವೇಕ ಉಸ್ತಾದನಿಂದ ಹುಡುಗನಿಗೆ ಬಾಯಿಂದ, ಕೈಯಿಂದ ದಾಟುತ್ತವೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಗ್ಯಾರೇಜಿನಲ್ಲಿ ತಪ್ಪು ನಂಬಿಕೆಗಳೂ ಇವೆ ಎಂಬುದು. ಸೋರಿಕೆಗೆ ಅರಿಶಿನಪುಡಿ ಹಾಕಿದರೆ ರೇಡಿಯೇಟರಿನ ಸಣ್ಣ ನಾಳಗಳೂ ಕಟ್ಟಿಕೊಳ್ಳಬಹುದು. ಥರ್ಮೋಸ್ಟಾಟ್ ಕಿತ್ತೆಸೆದರೆ ಎಂಜಿನ್ ತಕ್ಕ ಕಾವಿಗೆ ಬರದೆ ಸವೆಯುತ್ತದೆ. ಗಡಸು ಬೋರ್‌ವೆಲ್ ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಈ ಆಕ್ಷೇಪವನ್ನು ಒಪ್ಪಲೇಬೇಕು, ದಾಖಲೆಯ ಜೊತೆ ಪರೀಕ್ಷೆಯೂ ಬೇಕೆನ್ನುವುದು ಈ ಕಾರಣಕ್ಕೇ. ಬರೆದಿಡದ ತಪ್ಪನ್ನು ತಿದ್ದುವವರಿಲ್ಲ.

ವಿಶ್ವವಿದ್ಯಾಲಯ ಸುತ್ತಲಿನ ಹಾನಗಲ್, ಸವಣೂರು, ಹಿರೇಕೆರೂರಿನ ಹಿರಿಯ ಮೆಕ್ಯಾನಿಕ್ಕುಗಳ ಮಾತನ್ನು ಅವರ ನುಡಿಯಲ್ಲೇ ಧ್ವನಿಮುದ್ರಿಸಲಿ. ಐಟಿಐ ಶಿಕ್ಷಕರು ಜರಡಿ ಹಿಡಿಯಲಿ. ಉಳಿದದ್ದು ಕನ್ನಡದ ಕೈಪಿಡಿಯಾಗಲಿ. ಅದರ ಮೊದಲ ಪುಟದಲ್ಲಿ ಎರಡು ಎಚ್ಚರಿಕೆಗಳಿರಲಿ: ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು, ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಸಿಹಿಯಾದ ವಿಷ, ದನ–ನಾಯಿಗಳಿಗೆ ಸಿಗುವಂತೆ ಚೆಲ್ಲಬಾರದು. ವಿದ್ಯುತ್ ಕಾರು ಬಂದಮೇಲೆ ಇದೆಲ್ಲ ಹಳತಾಗುತ್ತದೆ ಎನ್ನುವವರು ಗಮನಿಸಬೇಕು: ಹಲವು ವಿದ್ಯುತ್ ಕಾರುಗಳ ಬ್ಯಾಟರಿಯನ್ನು ತಣಿಸುವುದೂ ಪಂಪು ಮತ್ತು ಕೂಲಂಟೇ. ಹಾಗಾಗಿ ಈ ವಿದ್ಯೆ ಮುಂದಿನ ಪೀಳಿಗೆಯ ಮೆಕ್ಯಾನಿಕ್ಕಿಗೂ ಬೇಕು, ಅದನ್ನು ಹೇಳಿಕೊಡಬಲ್ಲ ಹಿರಿಯರು ಕೆಲಸದಲ್ಲಿರುವಾಗಲೇ ಬೇಕು.